ಹೊಸ ಡಿಸ್ಕಿಗೆ ಒಗ್ಗದ ಹೆಸರುಗಳು

ಯುದ್ಧಗಳು, ಬರಗಾಲಗಳು, ಸಿಂಹಾಸನದ ಜಗಳಗಳು ಇತ್ಯಾದಿಗಳ ಬಗ್ಗೆ ಬರೆಯಲು ಬೇಕಾದಷ್ಟು ಜನರಿದ್ದಾರೆ. ಅವರೆಲ್ಲರ ಕಣ್ಣು ತಪ್ಪಿಸಿಕೊಂಡ ಒಂದು ಗಂಭೀರ ವಿದ್ಯಮಾನವನ್ನು ಇಲ್ಲಿ ದಾಖಲಿಸಬೇಕಾಗಿದೆ: ಗುರುವಾರ ಬೆಳಗ್ಗೆ, ಕಟ್ಟುಹಲ್ಲು ತಯಾರಿಸುವ ಒಂದು ಲ್ಯಾಬಿನಲ್ಲಿ, ಒಂದು ಫೈಲು ತಾನಿದ್ದ ಪೆಟ್ಟಿಗೆಯಿಂದ ಪಕ್ಕದ ಪೆಟ್ಟಿಗೆಗೆ ಬರಲಾರೆನೆಂದು ಹಟ ಹಿಡಿಯಿತು.

ಅದನ್ನು ಬರಮಾಡಿಕೊಳ್ಳಬೇಕಾಗಿದ್ದವನು ಆ ಮನೆಯ ಕಿರಿಯಳಿಯ. ಅವನ ಮುಂದಿನ ಪರದೆಯ ಮೇಲೆ ಒಂದೇ ಒಂದು ಸಾಲು ಮೂಡಿತ್ತು: ಫೈಲಿನ ಹೆಸರು ಸರಿಯಿಲ್ಲ. ಯಾವ ಫೈಲು, ಯಾವ ಹೆಸರು, ಸರಿಯಿಲ್ಲವೆಂದರೆ ಏನು ಸರಿಯಿಲ್ಲ ಎಂಬ ಯಾವ ವಿವರವೂ ಇಲ್ಲ. ಫೈಲು ಸಾಗಿಸಲೆಂದು ಇಷ್ಟು ಜಿಪುಣತನದಿಂದ ಮಾತಾಡುವ ಸ್ಕ್ರಿಪ್ಟನ್ನು ಯಾವ ದರಿದ್ರದವನು ಬರೆದ ಎಂದು ಅವನು ಹಲ್ಲು ಕಡಿದ. ಬರೆದವನು ತಾನೇ ಎಂಬುದು ನೆನಪಾದ ಮೇಲೆ ಕಡಿಯುವುದನ್ನು ನಿಲ್ಲಿಸಿದ.

ಲ್ಯಾಬು ಮಾವನದು. ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು. ಎಲ್ಲರೂ ಅದೇ ಕಟ್ಟಡದಲ್ಲಿ, ಮೇಲೆ ವಾಸ, ಕೆಳಗೆ ಕೆಲಸ. ಮಾವ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು, ತಯಾರಾದ ಹಲ್ಲಿಗೆ ಕೊನೆಯ ಹೊಳಪು ಕೊಡುತ್ತಿದ್ದರು. ಹಿರಿಯಳಿಯ, ಅಂದರೆ ನಮ್ಮವನ ಷಡ್ಡಕ, ರೋಗಿಗಳ ಬಾಯಿಯ ಅಚ್ಚನ್ನು ಸ್ಕ್ಯಾನು ಮಾಡಿ ಕಂಪ್ಯೂಟರಿನಲ್ಲಿ ಹಲ್ಲಿನ ಆಕಾರ ತಿದ್ದುತ್ತಿದ್ದ. ಕಿರಿಯಳಿಯನ ಹೆಂಡತಿ ಆ ಆಕಾರವನ್ನು ಕೊರೆಯುವ ಯಂತ್ರ ನೋಡಿಕೊಳ್ಳುತ್ತಿದ್ದಳು. ಕಿರಿಯಳಿಯ ಮಾತ್ರ ಮದುವೆಯಾದ ಲಾಗಾಯ್ತು ಹೆಗಲಿಗೆ ಚೀಲ ಹಾಕಿಕೊಂಡು, ಒಂದು ಕ್ಲಿನಿಕ್ಕಿನಿಂದ ಇನ್ನೊಂದಕ್ಕೆ ಅಚ್ಚು ತರುವುದು, ಹಲ್ಲು ಕೊಡುವುದು ಮಾಡಿಕೊಂಡಿದ್ದ. ಅವನ ಬಗ್ಗೆ ಯಾರಾದರೂ ಕೇಳಿದರೆ ಅತ್ತೆ, "ಓಡಾಡ್ಕೊಂಡಿದಾರೆ" ಅನ್ನುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ; ಅದೇ ಅವನಿಗೆ ಚುಚ್ಚುತ್ತಿತ್ತು.

ಇತ್ತೀಚೆಗೆ ಹಳೆಯ ಕಂಪ್ಯೂಟರು ಒಂದು ವಾರದ ಸ್ಕ್ಯಾನುಗಳನ್ನು ನುಂಗಿಕೊಂಡು, ಏನೂ ಆಗದಂತೆ ಮತ್ತೆ ಓಡತೊಡಗಿತು. ಲ್ಯಾಬಿನ ಅರ್ಧಕ್ಕರ್ಧ ಕೆಲಸ ಕಳಿಸುತ್ತಿದ್ದ ಡಾಕ್ಟರಮ್ಮ ತಮ್ಮ ರೋಗಿಗಳನ್ನೆಲ್ಲ ಮತ್ತೆ ಕರೆಸಿ, ಬಾಯಿಗೆ ಮತ್ತೆ ಮೇಣ ತುಂಬಿ, ಮತ್ತೆ ಕಚ್ಚಿಸಬೇಕಾಯಿತು. ಒಬ್ಬರು ಅವರ ಬೆರಳನ್ನೇ ಕಚ್ಚಿದರು. "ಎಲ್ಲಾ ಫೈಲಿಗೂ ಇನ್ನೊಂದು ಕಾಪಿ ಇದೆ ಅಂತ ಶನಿವಾರ ಬಂದಾಗ ನನ್ನ ಕಣ್ಣಿಗೆ ತೋರಿಸಿ. ಇಲ್ಲಾಂದ್ರೆ ನಾನು ಬೇರೆ ಲ್ಯಾಬ್ ನೋಡ್ಕೋತೀನಿ" ಎಂದು, ಬ್ಯಾಂಡೇಜು ಸುತ್ತಿದ ಬೆರಳೆತ್ತಿ ಹೇಳಿ ಹೋದರು. ಹೊರಗಿನ ಕಂಪನಿಯೊಂದನ್ನು ಕರೆಯೋಣ ಎಂದು ಮಾವ ಅನ್ನುವಷ್ಟರಲ್ಲಿ, "ನಾನು ಮಾಡ್ತೀನಿ" ಎಂಬ ಮಾತು ಕಿರಿಯಳಿಯನ ಬಾಯಿಂದ ಅವನ ಅನುಮತಿಯಿಲ್ಲದೆ ಹೊರಟುಹೋಯಿತು.

ಮಾವ ಅವನನ್ನು ಕನ್ನಡಕದ ಮೇಲಿಂದ ನೋಡಿದರು. "ಇದು ಆಯ್ತು ಅಂದ್ರೆ ಇನ್ಮೇಲೆ ಕಂಪ್ಯೂಟರ್ ಕೆಲಸ ನಿನ್ನದೇ. ಆಗಲಿಲ್ಲ ಅಂದ್ರೆ ಚೀಲ ಇದ್ದೇ ಇದೆ."

ಹೀಗೆ ಚೀಲಕ್ಕೂ ಅವನಿಗೂ ಮಧ್ಯೆ ನಿಂತದ್ದು, ಹಳೆಯ ಕಂಪ್ಯೂಟರಿನ ಫೈಲುಗಳನ್ನೆಲ್ಲ ಹೊಸ ಡಿಸ್ಕಿಗೆ ನಕಲು ಮಾಡಬೇಕಾದ ಆ ಒಂದು ಸ್ಕ್ರಿಪ್ಟು.

ಗುರುವಾರವೆಲ್ಲ ಅವನು ತಪ್ಪು ಕಡೆ ಹುಡುಕಿದ. ಕನ್ನಡ ಅಕ್ಷರಗಳ ಹೆಸರು ಹೊಸ ಡಿಸ್ಕಿಗೆ ಓದಲು ಬರುವುದಿಲ್ಲವೇನೋ ಎಂದುಕೊಂಡು ಒಂದು ಫೈಲಿಗೆ 'ಅ' ಎಂದು ಹೆಸರಿಟ್ಟು ಕಳಿಸಿದ. ಹೋಯಿತು. 'ಕ್ಷ' ಎಂದಿಟ್ಟ. ಅದೂ ಹೋಯಿತು. ಹೆಸರು ಉದ್ದವಾಯಿತೇನೋ ಎಂದು ಒಂದನ್ನು ಮೊಟಕು ಮಾಡಿದ. ಅದು ಹೋಯಿತು, ಆದರೆ ಇನ್ಯಾವುದೋ ನಿಂತಿತು. ಕೇಬಲ್ಲು ಬದಲಿಸಿದ. ಡಿಸ್ಕನ್ನು ಕಿತ್ತು, ಊದಿ, ಮತ್ತೆ ಚುಚ್ಚಿದ. ಫೈಲಿನ ಹೆಸರು ಸರಿಯಿಲ್ಲ.

"ಏನಂತೆ ಇಂಜಿನಿಯರ್ ಸಾಹೇಬ್ರೇ, ಡಿಸ್ಕಿಗೆ ಹಸಿವಿಲ್ವಂತಾ?" ಎಂದ ಷಡ್ಡಕ, ತನ್ನ ಪರದೆಯಿಂದ ಕಣ್ಣು ತೆಗೆಯದೆ.

"ಬಡಿಸೋದು ಸರಿಯಿರ್ಬೇಕಲ್ಲ, ಭಾವ."

"ಚೀಲದ ಜಿಪ್ಪು ಕಿತ್ತೋಗಿತ್ತಲ್ಲ, ಹೊಲಿಸಿಟ್ಟಿದೀನಿ ನೋಡು. ಸುಮ್ನೆ, ಇರ್ಲಿ ಅಂತ."

ಹೆಂಡತಿ ಯಂತ್ರದ ಗಾಜಿನ ಬಾಗಿಲು ಮುಚ್ಚಿ ಹತ್ತಿರ ಬಂದಳು. "ರೀ, ಅದು ಎಲ್ಲಿ ನಿಲ್ತಿದೆ ಅಂತ ಅದರ ಬಾಯಲ್ಲೇ ಹೇಳಿಸಬಾರದಾ?"

ಅದು ತನಗೆ ಮೊದಲೇ ಹೊಳೆದಿತ್ತು ಎಂಬ ಮುಖ ಮಾಡಿ, ಅವಳು ಆ ಕಡೆ ಹೋದ ಮೇಲೆ, ಹೊಳೆಯದಿದ್ದ ಆ ಸಾಲನ್ನು ಸ್ಕ್ರಿಪ್ಟಿಗೆ ಸೇರಿಸಿದ. ನಿಲ್ಲುವ ಮೊದಲು ಫೈಲಿನ ಹೆಸರನ್ನು ಪರದೆಗೆ ಬರೆ. ನಿಲ್ಲಬೇಡ, ಮುಂದಿನದಕ್ಕೆ ಹೋಗು. ಗುಂಡಿ ಒತ್ತಿದ.

ಹೆಸರುಗಳು ಬಂದವು. ಬರುತ್ತಲೇ ಇದ್ದವು.

'4302 ಬಲ ದವಡೆ: ಎತ್ತರ ಜಾಸ್ತಿ ಆಯ್ತಾ?' ಎಂದಿತ್ತು ಒಂದು. '4311 ಎಡ > ಬಲ, ಕೊರೆಯೋ ಮುಂಚೆ ನನ್ನ ಕೇಳು?' ಎಂದು ಇನ್ನೊಂದು. '4311 ಕೇಳಿದೆ, ನೀವು ಊಟಕ್ಕೆ ಹೋಗಿದ್ರಿ' ಎಂಬುದು ಅವನ ಹೆಂಡತಿಯ ಉತ್ತರ. ಅದರಲ್ಲಿ ಡಿಸ್ಕಿಗಾಗದ ಚಿಹ್ನೆ ಯಾವುದೂ ಇಲ್ಲದ್ದರಿಂದ ಈ ಪಟ್ಟಿಗೆ ಬಾರದೆ, ತಕರಾರಿಲ್ಲದೆ ಡಿಸ್ಕಿಗೆ ಹೋಗಿ ಕೂತಿತ್ತು. '4356 ಈ ಬಣ್ಣ "ಬಿಳಿ"ಯಂತೆ!! ನಗಬೇಡಿ *' ಎಂದು ಮತ್ತೊಂದು.

ಕಿರಿಯಳಿಯ ತಲೆ ಹಿಡಿದುಕೊಂಡ. ಹಳೆಯ ಕಂಪ್ಯೂಟರು ಧಾರಾಳಿ. ಪ್ರಶ್ನಾರ್ಥಕ, ನಕ್ಷತ್ರ, ಉದ್ಧರಣ ಚಿಹ್ನೆ, ಏನು ಬರೆದರೂ ಹೆಸರೆಂದು ಒಪ್ಪಿಕೊಳ್ಳುತ್ತಿತ್ತು. ಹೊಸ ಡಿಸ್ಕು ಬಾಗಿಲಲ್ಲಿ ನಿಂತ ಶಿಸ್ತಿನ ಸಿಪಾಯಿ. ಇವು ಯಾವುವನ್ನೂ ಒಳಗೆ ಬಿಡುತ್ತಿರಲಿಲ್ಲ. ಫೈಲಿನ ಹೆಸರಿನಲ್ಲಿ ಮನುಷ್ಯರು ಹೀಗೆ ಹರಟೆ ಹೊಡೆಯುತ್ತಾರೆಂದು ಡಿಸ್ಕು ಮಾಡುವವರು ಎಣಿಸಿರಲಾರರು.

ಎಣಿಸದಿದ್ದದ್ದು ಅವರ ತಪ್ಪೂ ಅಲ್ಲ. ಆ ಲ್ಯಾಬಿನ ಕಟ್ಟಳೆಯೇ ಹಾಗಿತ್ತು. ಪ್ರತಿ ರೋಗಿಗೂ ಒಂದು ಕೆಲಸದ ಕಾರ್ಡು. ಅದರ ಮೇಲೆ ಬರೆಯುವವರು ಮಾವ, ಮಾವ ಮಾತ್ರ. ಹಿಂದೊಮ್ಮೆ ಷಡ್ಡಕ ಹೊಸದಾಗಿ ಬಂದಾಗ ಕಾರ್ಡಿನ ಅಂಚಿನಲ್ಲಿ ಏನೋ ಗೀಚಿದ್ದನಂತೆ. ಮಾವ ಬಯ್ಯಲಿಲ್ಲ, ರಬ್ಬರು ತೆಗೆದುಕೊಂಡು ಅವನೆದುರಿಗೇ ನಿಧಾನವಾಗಿ ಅಳಿಸಿ, ಪುಡಿ ಊದಿ, ಕಾರ್ಡನ್ನು ವಾಪಸು ಕೊಟ್ಟರು. ಅಂದಿನಿಂದ ಲ್ಯಾಬಿನ ಅನುಮಾನ, ಆಕ್ಷೇಪಣೆ, ಜಗಳ ಎಲ್ಲವೂ ಮಾವ ಎಂದೂ ಕೂರದ ಕಂಪ್ಯೂಟರಿಗೆ ವಲಸೆ ಹೋಗಿದ್ದವು. ಪ್ರಶ್ನಾರ್ಥಕವಿದ್ದರೆ ಇನ್ನೂ ಅನುಮಾನ, ಕೊರೆಯಬೇಡ. ನಕ್ಷತ್ರವಿದ್ದರೆ ಪಾಸು, ಕೊರೆ.

"ಭಾವ, ಈ ಹೆಸರುಗಳು ನಿಮ್ಮದಾ?"

"ಇನ್ಯಾರದ್ದು, ನಮ್ಮಜ್ಜಂದಾ?"

"ಪ್ರಶ್ನಾರ್ಥಕ ಹಾಕ್ಬೇಡಿ. ನಕ್ಷತ್ರ ಹಾಕ್ಬೇಡಿ. ಡಿಸ್ಕು ತಗೊಳ್ಳಲ್ಲ."

"ಮತ್ತೆಲ್ಲಿ ಬರೀಲಿ? ಹಣೆ ಮೇಲಾ?"

"ಕಾರ್ಡಲ್ಲಿ ಬರೀರಿ!"

ಷಡ್ಡಕ ಕುರ್ಚಿಯನ್ನು ತಿರುಗಿಸಿ, ಕಿಟಕಿಯ ಕಡೆ ಕಣ್ಣು ಹೊರಳಿಸಿ, ದನಿ ತಗ್ಗಿಸಿದ. "ಹೋಗು. ಹೋಗಿ ಅವರಿಗೇ ಹೇಳು, ಕಾರ್ಡಲ್ಲಿ ಬರೀತೀವಿ ಅಂತ. ನಾನಿಲ್ಲೇ ಕೂತು ನೋಡ್ತಿರ್ತೀನಿ."

ಕಿರಿಯಳಿಯ ಮಾವನ ಬೆನ್ನನ್ನು ನೋಡಿದ. ಆ ಬೆನ್ನು ಬಹಳ ಅಗಲವಿತ್ತು. ವಾಪಸು ಬಂದು ಕೂತ.

ಶುಕ್ರವಾರ ಅವನು ಸುಲಭದ ದಾರಿ ಹಿಡಿದ. ಡಿಸ್ಕಿಗಾಗದ ಚಿಹ್ನೆ ಎಲ್ಲಿ ಕಂಡರೂ ಅಲ್ಲೊಂದು ಅಡ್ಡಗೆರೆ ಎಳೆ ಎಂದು ಸ್ಕ್ರಿಪ್ಟಿಗೆ ಹೇಳಿಕೊಟ್ಟ. ಕೊನೆಯಲ್ಲಿ ಖಾಲಿ ಜಾಗ ಬಿಟ್ಟಿದ್ದ ಹೆಸರುಗಳು ಇನ್ನೊಂದು ತಾಸು ತಿಂದವು. ಕಣ್ಣಿಗೆ ಕಾಣದ ತಪ್ಪಿಗೆ ಯಾರನ್ನು ಬಯ್ಯುವುದೆಂದು ತಿಳಿಯದೆ ಅವನು ಮೌಸನ್ನು ಬಯ್ದ. ಸಂಜೆಯ ಹೊತ್ತಿಗೆ ಸ್ಕ್ರಿಪ್ಟು ಮೊದಲಿಂದ ಕಡೆಯವರೆಗೆ ಒಂದೂ ತಕರಾರಿಲ್ಲದೆ ಓಡಿ, 'ಮುಗಿಯಿತು' ಎಂದಿತು. ಅವನು ಎದ್ದು ಮೈಮುರಿದ. ಕಾಫಿ ಕುಡಿದ. ಷಡ್ಡಕನಿಗೂ ಒಂದು ಲೋಟ ತಂದಿಟ್ಟ. ಅದು ದಾನವೋ ಅಹಂಕಾರವೋ ಎಂದು ಷಡ್ಡಕ ಲೋಟವನ್ನು ಸ್ವಲ್ಪ ಹೊತ್ತು ನೋಡಿ, ಕುಡಿದ.

ಶನಿವಾರ ಡಾಕ್ಟರಮ್ಮ ಬಂದರು. ಮಾವ ಹೊಳಪಿನ ಧೂಳು ಒರೆಸಿಕೊಂಡು ಪಕ್ಕದಲ್ಲಿ ನಿಂತರು. ಕಿರಿಯಳಿಯ ಡಿಸ್ಕನ್ನು ತೋರಿಸಿ, ಎಲ್ಲ ಇದೆ ಎಂದ.

"ಇದೆ ಅಂತ ಎಲ್ಲರೂ ಹೇಳ್ತಾರೆ. ಒಂದನ್ನ ತೆಗೆದು ತೋರಿಸಿ" ಎಂದರು ಡಾಕ್ಟರಮ್ಮ. "ಆ ಬ್ಯಾಂಡಲ್ಲಿ ತುತ್ತೂರಿ ಊದೋರಿದ್ರಲ್ಲ, ಅವರ ಮುಂದಿನ ಹಲ್ಲು."

4417. ಅವನು ಅದನ್ನು ತೆರೆದ. ಪರದೆಯ ಮೇಲೆ ಹಲ್ಲು ನಿಧಾನವಾಗಿ ತಿರುಗಿತು. ಡಾಕ್ಟರಮ್ಮ ಬಗ್ಗಿ ನೋಡಿದರು.

"ಇದಲ್ಲ. ಇದು ಉದ್ದದ್ದು. ಇದನ್ನ ಹಾಕ್ಕೊಂಡು ಊದಿದ್ರೆ ತುತ್ತೂರಿ ಅಲ್ಲ, ಕುಕ್ಕರ್ ಸೀಟಿ ಬರತ್ತೆ ಅಂತ ವಾಪಸ್ ಕಳಿಸಿದ್ನಲ್ಲ! ಗಿಡ್ಡ ಮಾಡಿದ್ದು ಎಲ್ಲಿ?"

ಅವನು ಹುಡುಕಿದ. ಇರಲಿಲ್ಲ. ಬೆನ್ನಿನ ಹಿಂದೆ ಷಡ್ಡಕನ ಕುರ್ಚಿ ಕಿರ್ರೆಂದಿತು. ಆಗ ಅವನಿಗೆ ಅರ್ಥವಾಯಿತು. ಹಳೆಯ ಕಂಪ್ಯೂಟರಿನಲ್ಲಿ ಎರಡಿದ್ದವು: '4417 ಮುಂದಿನ ಹಲ್ಲು *' ಪಾಸಾದದ್ದು, '4417 ಮುಂದಿನ ಹಲ್ಲು ?' ಆಗದ್ದು. ಎರಡಕ್ಕೂ ಅವನು ಒಂದೇ ಅಡ್ಡಗೆರೆ ಎಳೆದಿದ್ದ. ಹೆಸರು ಒಂದಾದ ಮೇಲೆ, ಎರಡನೆಯದು ಬಂದು ಮೊದಲನೆಯದರ ಮೇಲೆ ಕೂತಿತ್ತು. ಹೀಗೆ ಇನ್ನೆಷ್ಟು ಜೋಡಿಗಳೋ. ತಕರಾರಿಲ್ಲದೆ ಮುಗಿದದ್ದು ಅದಕ್ಕೇ.

"ಏನಾಯ್ತು?" ಎಂದರು ಮಾವ.

ಡಿಸ್ಕು ಹಾಳಾಗಿದೆ ಎನ್ನಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ, ಒಂದು ವಾರ ಸಿಗುತ್ತಿತ್ತು. ಆದರೆ ಡಾಕ್ಟರಮ್ಮ ಆಗಲೇ ತಮ್ಮ ಕೈಚೀಲವನ್ನು ಹೆಗಲಿಗೇರಿಸುತ್ತಿದ್ದರು.

"ಹೆಸರು ಬದಲಾಯಿಸಿದ್ದು ನಾನು, ಎರಡು ಫೈಲು ಒಂದಾಯ್ತು. ಮೂಲದಲ್ಲಿ ಎರಡೂ ಭದ್ರವಾಗಿವೆ" ಎಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಎರಡು ದಿನದ ಹೊಗೆ ಒಳಗೆ ತುಂಬಿಕೊಂಡಿತ್ತು. "ಹೆಸರಲ್ಲಿ ಇಷ್ಟೆಲ್ಲ ಬರೆದಿರೋದ್ರಿಂದ ಬದಲಾಯಿಸಬೇಕಾಯ್ತು, ಮಾವ. ಕಾರ್ಡಲ್ಲಿ ಬರೆಯೋಕೆ ನೀವು ಯಾರನ್ನೂ ಬಿಡಲ್ಲ. ಅದಕ್ಕೇ ಎಲ್ಲಾ ಫೈಲಿನ ಹೆಸರಲ್ಲಿ ಬರೀತಾರೆ."

ಕೊರೆಯುವ ಯಂತ್ರವೂ ಆ ಕ್ಷಣಕ್ಕೇ ಕೆಲಸ ಮುಗಿಸಿ ನಿಂತದ್ದರಿಂದ, ಕೊನೆಯ ಮಾತು ಲ್ಯಾಬಿನ ತುಂಬ ಕೇಳಿಸಿತು.

"ಏನು ಬರೀತಾರೆ?" ಎಂದರು ಮಾವ.

ಅವರು ಮೊದಲ ಬಾರಿಗೆ ಕಂಪ್ಯೂಟರಿನ ಮುಂದೆ ಕೂತರು. ಕನ್ನಡಕ ಒರೆಸಿ, ಹಳೆಯ ಪೆಟ್ಟಿಗೆಯಲ್ಲಿದ್ದ ಹೆಸರುಗಳನ್ನು ಶಾಲೆಯ ಪಾಠ ಒಪ್ಪಿಸುವಂತೆ ಜೋರಾಗಿ ಓದತೊಡಗಿದರು. "'4302 ಬಲ ದವಡೆ, ಎತ್ತರ ಜಾಸ್ತಿ ಆಯ್ತಾ?' ಹೌದು, ಜಾಸ್ತಿ ಆಗಿತ್ತು. ನಾನು ಉಜ್ಜಿ ಉಜ್ಜಿ ಸತ್ತೆ." ಕೆಳಗಿಳಿದರು. "'4380 ಮಾವ "ಚೆನ್ನಾಗಿದೆ" ಅಂದ್ರು. ಚೆನ್ನಾಗಿಲ್ಲ?'"

ಡಾಕ್ಟರಮ್ಮ ಕೆಮ್ಮಿದರು. ಅದು ಕೆಮ್ಮಾಗಿರಲಿಲ್ಲ.

ಮಾವ ಹಿರಿಯಳಿಯನ ಕಡೆ ತಿರುಗಿದರು. "ಇದನ್ನ ನನಗೇ ಹೇಳಬಹುದಿತ್ತಲ್ಲಪ್ಪಾ?"

"ಹೇಳಿದ್ದೆ ಮಾವ."

"ಯಾವಾಗ?"

"ಫೈಲಲ್ಲಿ."

ಡಾಕ್ಟರಮ್ಮ ಕೈಚೀಲವನ್ನು ಮೇಜಿನ ಮೇಲಿಟ್ಟು, ಕಣ್ಣೊರೆಸಿಕೊಂಡು, ಕೂತೇಬಿಟ್ಟರು. "4380 ನನ್ನ ರೋಗೀದೇ. ನಿಜವಾಗಿ ಚೆನ್ನಾಗಿರ್ಲಿಲ್ಲ. ಸಂಕೋಚ ಅಂತ ನಾನೂ ಹೇಳಿರ್ಲಿಲ್ಲ. ಕಾಪಿ ಸರಿ ಮಾಡೋಕೆ ಎಷ್ಟು ಹೊತ್ತು ಬೇಕು?"

ಕಿರಿಯಳಿಯ ಆಗಲೇ ಟೈಪು ಮಾಡುತ್ತಿದ್ದ. ಪ್ರಶ್ನಾರ್ಥಕ ಕಂಡಲ್ಲಿ 'ಅನುಮಾನ' ಎಂದು ಬರೆ. ನಕ್ಷತ್ರ ಕಂಡಲ್ಲಿ 'ಪಾಸು' ಎಂದು ಬರೆ. ಉಳಿದ ಚಿಹ್ನೆಗಳಿಗೆ ಅಡ್ಡಗೆರೆಯೇ ಇರಲಿ. ಅದೇ ಹೆಸರಿನ ಫೈಲು ಮೊದಲೇ ಇದ್ದರೆ ಅದರ ಮೇಲೆ ಕೂರಬೇಡ, ನನಗೆ ಹೇಳು. ಅಷ್ಟೇ. ಗುರುವಾರವೇ ಬರೆಯಬಹುದಾಗಿದ್ದ ಸಾಲುಗಳು ಇವು. ಇಷ್ಟು ಸುಲಭವಿತ್ತಲ್ಲ ಎಂಬ ಸಿಟ್ಟಿನಲ್ಲಿ ಅವನ ಬೆರಳುಗಳು ಎರಡು ಸಲ ತಪ್ಪಿದವು. ಡಿಸ್ಕನ್ನು ಖಾಲಿ ಮಾಡಿ ಮೊದಲಿಂದ ಓಡಿಸಿದ. ಕಾಪಿ ಮುಗಿದ ಮೇಲೆ ಆ ಕಡೆಯ ಫೈಲುಗಳನ್ನೂ ಈ ಕಡೆಯ ಫೈಲುಗಳನ್ನೂ ಎಣಿಸಿ, ಎರಡೂ ಲೆಕ್ಕ ಒಂದೇ ಎಂದು ತೋರಿಸಿದ. ಬಳಿಕ 4417 ತೆರೆದ. ಗಿಡ್ಡ ಹಲ್ಲು ಪರದೆಯ ಮೇಲೆ ಸುತ್ತು ಹಾಕಿತು.

"ಹಾಂ, ಇದೇ" ಎಂದರು ಡಾಕ್ಟರಮ್ಮ.

ಮಾವ ಮಾತ್ರ ಇನ್ನೂ ಓದುತ್ತಿದ್ದರು, ಈಗ ಜೋರಾಗಿ ಅಲ್ಲ. ಕೊನೆಗೆ ಎದ್ದು, ಮೊಣಕಾಲು ನೀವಿಕೊಂಡರು.

"ಫೈಲಿಗೆ ಇನ್ಮೇಲೆ ಬರೀ ನಂಬರು. ಹೇಳೋದಿದ್ರೆ ನನ್ನ ಮೇಜಿನ ಹತ್ರ ಬಂದು, ಬಾಯಿಬಿಟ್ಟು ಹೇಳಿ."

"ಕಾರ್ಡು?" ಎಂದಳು ಕಿರಿಯ ಮಗಳು.

"ಕಾರ್ಡು ನಂದು" ಎಂದರು ಮಾವ.

ಬ್ಯಾಕಪ್ಪು ಪೂರ್ತಿಯಾಯಿತು. ಡಾಕ್ಟರಮ್ಮ ಕೆಲಸ ಕಳಿಸುವುದನ್ನು ಮುಂದುವರಿಸಿದರು, ಮಾವ ಚೀಲ ಹೊರಲು ಬೇರೊಬ್ಬರನ್ನು ಇಟ್ಟುಕೊಂಡರು. ತನ್ನ ಫೈಲಿನ ಹೆಸರುಗಳನ್ನೆಲ್ಲ ಮಾವನೆದುರು ಬಯಲು ಮಾಡಿದ್ದಕ್ಕೆ ಷಡ್ಡಕ ಕಿರಿಯಳಿಯನೊಂದಿಗೆ ಮಾತು ಬಿಟ್ಟ.