ತಣ್ಣಗಾಗಲೊಪ್ಪದ ಪಾದರಸ

ನಾನು ಒಂದು ಉಷ್ಣಮಾಪಕ. ಕುಲುಮೆಯ ಬೆಂಕಿಯಲ್ಲಿ ಗಾಜಿನ ಕೊಳವೆಯಾಗಿ ಎಳೆಸಿಕೊಂಡು, ಹೊಟ್ಟೆಗೆ ಪಾದರಸ ತುಂಬಿಸಿಕೊಂಡು ಹುಟ್ಟಿದೆ. ಮೊದಲು ಕಾಲೇಜೊಂದರ ಪ್ರಯೋಗಾಲಯದಲ್ಲಿದ್ದೆ. ಅಲ್ಲಿಂದ ಬೆಟ್ಟದ ಮೇಲಿನ ಊರೊಂದರ ಆರೋಗ್ಯ ಕೇಂದ್ರಕ್ಕೆ ಬಂದು, ಆರೋಗ್ಯ ಸಹಾಯಕಿ ಮುತ್ತಮ್ಮನ ಕೈ ಸೇರಿದೆ.

ಆ ಬೇಸಿಗೆ ಬಸ್ ನಿಲ್ದಾಣದ ಹಿಂದಿನ ಕೇರಿಯಲ್ಲಿ ಏಳು ಜನ ಡೆಂಗಿ ಜ್ವರದಿಂದ ಮಲಗಿದರು. ಅವರಲ್ಲಿ ಯಾರೂ ಊರು ಬಿಟ್ಟು ಹೋದವರಲ್ಲ.

"ಡೆಂಗಿ ಹರಡೋ ಸೊಳ್ಳೆ ಬಯಲುಸೀಮೆಯದಮ್ಮ. ನಮ್ಮ ಚಳಿಗೆ ಬದುಕೋದಿಲ್ಲ," ಎಂದರು ಡಾಕ್ಟರು.

ಮುತ್ತಮ್ಮ ಅಳೆದು ನೋಡಲು ಹೊರಟಳು. ನನ್ನನ್ನು ತೊರೆಯ ಪಕ್ಕದ ಬಿದಿರುಬೊಡ್ಡೆಯ ನೀರಿಗೆ ಅದ್ದಿದಳು: ಹದಿನೆಂಟು ಡಿಗ್ರಿ. ಅಲ್ಲಿ ಹಾರಾಡುತ್ತಿದ್ದದ್ದು ಬೆನ್ನ ಮೇಲೆ ಒಂದೇ ಬಿಳಿ ಗೆರೆಯ ಕಾಡುಸೊಳ್ಳೆ, ಚಳಿ ತಡೆಯುವ ಜಾತಿ. ಕೇರಿಯವರು ನೀರು ಕೂಡಿಟ್ಟ ಡ್ರಮ್ಮುಗಳಲ್ಲಿ ನಾನು ಇಪ್ಪತ್ತಾರಕ್ಕೇರಿದೆ. ಆ ನೀರಿನ ಮರಿಹುಳುಗಳನ್ನು ಅವಳು ಎರಡು ಬಾಟಲಿಗೆ ಹಾಕಿ, ಒಂದನ್ನು ಕೇರಿಯಲ್ಲೇ ಬಿಸಿಲು ಬೀಳುವ ಕಿಟಕಿಯಲ್ಲಿ, ಇನ್ನೊಂದನ್ನು ತಣ್ಣನೆಯ ಒರತೆಯಲ್ಲಿ ಇಟ್ಟಳು. ಕಿಟಕಿಯದು ಹತ್ತನೇ ದಿನಕ್ಕೆ ರೆಕ್ಕೆ ಬಿಚ್ಚಿತು. ಬೆನ್ನ ಮೇಲೆ ತಂಬೂರಿಯಂಥ ಗುರುತು: ಕಾಡುಸೊಳ್ಳೆಯ ದಾಯಾದಿ, ಅದೇ ಬಯಲುಸೀಮೆಯದು. ಒರತೆಯ ಹುಳುಗಳು ಇನ್ನೂ ಹುಳುಗಳಾಗಿಯೇ ಈಜುತ್ತಿದ್ದವು.

ಬಾಟಲಿ, ವರದಿ ಎರಡನ್ನೂ ಡಾಕ್ಟರ ಮೇಜಿನ ಮೇಲಿಟ್ಟಳು.

"ಈ ಇಪ್ಪತ್ತಾರನ್ನು ತಿದ್ದಿ ತನ್ನಿ. ಮೇಲಿನವರು ನಗ್ತಾರೆ."

"ತಿದ್ದೋದಿಲ್ಲ ಸಾರ್. ಊರು ಬೆಚ್ಚಗಾಗಿದೆ, ಆ ಸೊಳ್ಳೆ ಬೆಟ್ಟ ಹತ್ತಿ ಬಂದಿದೆ. ನೀವೇ ಬಂದು ಅದ್ದಿ ನೋಡಿ."

"ಮೆಮೋ ಕೊಡಬೇಕಾಗುತ್ತೆ."

"ಕೊಡಿ. ಅಷ್ಟರಲ್ಲಿ ಡ್ರಮ್ಮು ಖಾಲಿ ಮಾಡಿಸ್ತೀನಿ."

ಮೆಮೋ ಬಂತು. ಅವಳು ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಕೇರಿಗೆ ನಡೆದಳು. ನೀರಿಗೆ ಮೈಲಿಗಟ್ಟಲೆ ನಡೆಯುವ ಹೆಂಗಸರು ಮೊದಲು ಬೈದರು. ಬಾಟಲಿ ನೋಡಿದ ಮೇಲೆ ಅವರೇ ಡ್ರಮ್ಮು ಮಗುಚಿದರು, ತಿಕ್ಕಿದರು, ಬಟ್ಟೆ ಬಿಗಿದು ಮುಚ್ಚಿದರು. ವಾರಕ್ಕೊಮ್ಮೆ, ಮಳೆಗಾಲದವರೆಗೂ. ಎಂಟನೆಯವರು ಜ್ವರದಿಂದ ಮಲಗಲಿಲ್ಲ. ಡಾಕ್ಟರು ಒಂದು ಮಧ್ಯಾಹ್ನ ತಾವಾಗಿ ಬಂದು ಉಳಿದಿದ್ದ ತೊಟ್ಟಿಯೊಂದಕ್ಕೆ ನನ್ನನ್ನು ಅದ್ದಿದರು, ಬಹಳ ಹೊತ್ತು ನೋಡಿದರು. ಅದೇ ಇಪ್ಪತ್ತಾರು. ಆದರೂ ಮೆಮೋವನ್ನು ವಾಪಸು ಪಡೆಯಲಿಲ್ಲ.

ಮುತ್ತಮ್ಮ ನಿವೃತ್ತಳಾದಳು. ಈಗ ಬ್ಯಾಟರಿಯ ಮಾಪಕಗಳು ಬಂದಿವೆ. ನಾನು ಕಪಾಟಿನ ಮೂಲೆಯಲ್ಲಿದ್ದೇನೆ, ಗೀಟುಗಳು ಮಾಸಿವೆ. ಬೇಸರವಿಲ್ಲ. ಯಾರ ಆಜ್ಞೆಗೂ ನನ್ನ ಪಾದರಸ ಒಂದು ಗೀಟು ಕೆಳಗಿಳಿದದ್ದಿಲ್ಲ. ಇಳಿಯಲೇಬೇಕೆಂದಿದ್ದರೆ ನೀರನ್ನು ತಣಿಸಿ, ನನ್ನನ್ನಲ್ಲ.