ಮೇಲಿನ ಸಾಲಿನ ಮೂರಕ್ಷರ

ಗೋಕಾಕ ಫಾಲ್ಸಿನ ಮಿಲ್ಲಿನ ಹುಡುಗರು ಏನೇ ತಿಪ್ಪರಲಾಗ ಹಾಕಿದರೂ, ಉದ್ದವ್ವನ ಚಹಾದಂಗಡಿಯ ವಿಡಿಯೊ ಗೇಮ್ ಪೆಟ್ಟಿಗೆಯಲ್ಲಿ ಅಂಕಪಟ್ಟಿಯ ಮೇಲಿನ ಸಾಲು ಉದ್ದವ್ವನದೇ. ತೊಂಬತ್ತೆಂಟನೇ ಇಸವಿಯಲ್ಲಿ ಆಡಿ ಗೆದ್ದು ಆಕೆ ಬರೆಸಿದ ಯು ಡಿ ವಿ ಎಂಬ ಮೂರಕ್ಷರವನ್ನು ಯಾರೂ ಕೆಳಗಿಳಿಸಿರಲಿಲ್ಲ. ಗಿರಾಕಿ ಬಂದರೆ ಮೊದಲು ಅದನ್ನು ತೋರಿಸುವುದು, ಚಹಾ ಆಮೇಲೆ.

ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ ಪೆಟ್ಟಿಗೆಯ ಹಿಂಬದಿ ಬಿಚ್ಚಿ ಒಳಗಿನ ಬೋರ್ಡಿಗೂ ವಿಭೂತಿ ಹಚ್ಚುವುದು ಆಕೆಯ ಪದ್ಧತಿ. ಈ ಸಲ ಧೂಳು ಒರೆಸಲು ಕೂತವಳು ಹೊಸ ಸೊಸೆ ವಿದ್ಯಾ. ಹುಕ್ಕೇರಿಯ ಹುಡುಗಿ, ಗೋಕಾಕದಲ್ಲಿ ಮೊಬೈಲ್ ರಿಪೇರಿ ಮಾಡುತ್ತಿದ್ದಳು.

"ಅತ್ತಿ, ಇದೇನ್ರಿ ಬೆಳ್ಳಗ?"

"ಹ್ವಾದ ವರ್ಷದ ಈಬತ್ತಿ. ಒರಸಬ್ಯಾಡ."

ವಿದ್ಯಾ ಟಾರ್ಚ್ ಹಿಡಿದಳು. "ಈಬತ್ತಿ ಅಂಚಿಗೆ ಹಸರ ಆಗತೈತೇನ್ರಿ? ಬ್ಯಾಟರಿ ಸೋರೈತಿ. ತಾಮ್ರದ ಗೆರಿ ತಿನ್ನಾಕತ್ತೈತಿ."

ಇಷ್ಟು ವರ್ಷ ಆ ವಿಷಕ್ಕೇ ಕೈಮುಗಿದೆನಲ್ಲ ಎಂದು ಉದ್ದವ್ವನಿಗೆ ನಾಚಿಕೆಯಾಯಿತು. ಸಿಟ್ಟು ಮಾತ್ರ ಸೊಸೆಯ ಮೇಲೆ ಬಂತು.

"ನೋಡಕೋತ ಕುಂತಿಯಲ್ಲ, ತಗದ ಒಗಿ ಅದನ್ನ!"

"ತಗದ್ರ ನಿಮ್ಮ ಹೆಸರು ಅಳಿಸಿ ಹೋಗತೈತ್ರಿ. ಅದನ್ನ ನೆನಪಿಟ್ಟಿದ್ದು ಈ ಬ್ಯಾಟರಿನ. ಬಿಟ್ರ ಬೋರ್ಡ ಸಾಯತೈತಿ."

ಆ ಸಾಲು ಹೋದರೆ ತಾನು ಬರೀ ಚಹಾದಾಕೆ. ಉದ್ದವ್ವ ಸೆರಗಿನಿಂದ ಪರದೆ ಒರೆಸಿ, ಮೂರಕ್ಷರವನ್ನು ಕಣ್ತುಂಬ ನೋಡಿದಳು.

"ಕತ್ತರಸು. ನನ್ನ ಕೈಯೇನ ಇನ್ನೂ ಬಿದ್ದಿಲ್ಲ."

ವಿದ್ಯಾ ಬ್ಯಾಟರಿ ಕತ್ತರಿಸಿದಳು. ಪೂಜೆಗೆ ತಂದ ನಿಂಬೆಹಣ್ಣು ಹಿಂಡಿ, ಬ್ರಷ್ಷಿನಿಂದ ಕಿಲುಬು ತಿಕ್ಕಿ, ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸಿದಳು. ಸವೆದ ಗೆರೆಗೆ ತೆಳು ತಂತಿ ಬೆಸೆದಳು. ಹೊಸ ಬ್ಯಾಟರಿಯನ್ನು ಬೋರ್ಡಿನ ಮೇಲೆ ಕೂರಿಸಲಿಲ್ಲ, ಉದ್ದ ವಾಯರು ಎಳೆದು ಪೆಟ್ಟಿಗೆಯ ತಳಕ್ಕೆ ಹಚ್ಚಿದಳು.

"ಇನ್ನ ಸೋರಿದ್ರೂ ಕಟಗಿ ಮ್ಯಾಲ ಸೋರತೈತ್ರಿ. ಬೋರ್ಡಿಗೆ ತಾಗಂಗಿಲ್ಲ."

ಸ್ವಿಚ್ ಒತ್ತಿದೊಡನೆ ಪರದೆ ಬೆಳಗಿತು. ಮೇಲಿನ ಸಾಲಿನಲ್ಲಿ ಬರೀ ಸೊನ್ನೆ.

ಉದ್ದವ್ವ ಸೆರಗು ಸಿಕ್ಕಿಸಿ ಆಡಲು ನಿಂತಳು. ಒಲೆಯ ಮೇಲೆ ಚಹಾ ಉಕ್ಕಿತು, ಯಾರೋ ಗಿರಾಕಿಯೇ ಹೋಗಿ ಆರಿಸಿದ. ಮಂದಿ ಕೂಡಿತು, ಬಾಗಿಲು ತುಂಬಿತು. ಕೊನೆಗೂ ಆಟ ಮುಗಿದು, ಸೊನ್ನೆಯ ಜಾಗದಲ್ಲಿ ದೊಡ್ಡ ಅಂಕಿ ಕೂತು, ಯಂತ್ರ ಹೆಸರು ಕೇಳಿತು.

"ಯು!" ಎಂದು ಎಲ್ಲರೂ ಕೂಗಿದರು. ಉದ್ದವ್ವ ಯು ದಾಟಿ ವಿ ಒತ್ತಿದಳು. ಆಮೇಲೆ ಡಿ. ಆಮೇಲೆ ವೈ.

"ಅತ್ತೀ, ಅದು ನನ್ನ ಹೆಸರಾತಲ್ರಿ!"

"ಓದಾಕ ಬರತೈತಿ ನನಗ," ಎಂದು ಗದರಿದ ಉದ್ದವ್ವ, ಆಗಷ್ಟೇ ಒಳಗೆ ಬಂದ ಗಿರಾಕಿಯತ್ತ ತಿರುಗಿದಳು.

"ಬರ್ರಿ, ನಮ್ಮ ಸೊಸಿ ಹೆಸರು ನೋಡ್ರಿ ಮೊದಲ. ಚಾ ಆಮ್ಯಾಲ."