ಕಾಫಿ ತರುವವಳು

ತಂಗಿ ಅಕ್ಕನ ಎಡಗಾಲಿಗೆ ಬೂಟು ತೊಡಿಸಲು ಒದ್ದಾಡುತ್ತಿದ್ದಳು. ಜೀವ ಹೋದ ಕಾಲು ಸೆಟೆದುಹೋಗಿತ್ತು, ಗಿಡ್ಡಗಾಲಿಗೆಂದೇ ಮಾಡಿಸಿದ್ದ ನಾಲ್ಕು ಬೆರಳು ದಪ್ಪದ ಅಟ್ಟೆಯ ಆ ಬೂಟು ಏನು ಮಾಡಿದರೂ ಏರಲೊಲ್ಲದು.

"ಬಿಡಮ್ಮ, ಪೆಟ್ಟಿಗೆ ಒಳಗೆ ಯಾರು ಕಾಲು ನೋಡ್ತಾರೆ?" ಎಂದರು ಭಾವ. ಎಪ್ಪತ್ತೆಂಟರ ಆ ಸಂಗೀತ ಸಂಯೋಜಕರು ಕನ್ನಡಿಯ ಮುಂದೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. "ಹತ್ತಕ್ಕೆಲ್ಲ ವಾದ್ಯವೃಂದದವರು ಸಭಾಂಗಣದಲ್ಲಿ ಇರ್ತಾರೆ. ನನ್ನ 'ನಮ್ಮನೆಯ ಒಂದು ದಿನ' ನುಡಿಸ್ತಾರೆ."

"ಇವತ್ತೂ ಅದೇನಾ ಭಾವ? ನಿಮ್ಮ ದಮ್ಮಯ್ಯ, ಬೇರೆ ಏನಾದ್ರೂ ನುಡಿಸಲಿ."

"ಜನ ಅದನ್ನೇ ಕೇಳೋದು. ಅವಳಿಗೂ ಅದು ಇಷ್ಟ ಇತ್ತಮ್ಮ. ಒಂದು ದಿನಾನಾದ್ರೂ ಬೇಡ ಅಂದಿದ್ಲಾ, ಹೇಳು?"

ಅಂದಿರಲಿಲ್ಲ, ನಿಜ.

*

ಭಾವ ಗೀಚಿದ ಸ್ವರಗಳನ್ನು ಒಂದೊಂದು ವಾದ್ಯಕ್ಕೂ ಬೇರೆ ಹಾಳೆಯಲ್ಲಿ ನಕಲು ಮಾಡುವುದು ಅಕ್ಕನ ಕೆಲಸವಾಗಿತ್ತು. ಮುತ್ತು ಪೋಣಿಸಿದಂಥ ಕೈಬರಹ. ನಲವತ್ತು ವರ್ಷದ ಹಿಂದಿನ ಆ ಮಧ್ಯಾಹ್ನ ತಂಗಿ ಎದುರು ಕೂತು ಹಾಳೆಗೆ ಗೆರೆ ಹಾಕಿಕೊಡುತ್ತಿದ್ದಳು. 'ನಮ್ಮನೆಯ ಒಂದು ದಿನ' ಎಂಬ ಆ ಹೊಸ ಕೃತಿಯಲ್ಲಿ ಮನೆಯ ಸದ್ದುಗಳೇ ಸಂಗೀತ: ತೊಟ್ಟಿಕ್ಕುವ ನಲ್ಲಿಗೆ ಪಿಟೀಲು, ಕಿರುಗುಟ್ಟುವ ಬಾಗಿಲಿಗೆ ದೊಡ್ಡ ಪಿಟೀಲಿನಂಥ ಸೆಲ್ಲೊ.

ದಪ್ಪ ದನಿಯ ಊದುವಾದ್ಯ ಬಸೂನಿನ ಹಾಳೆಗೆ ಬಂದಾಗ ಅಕ್ಕನ ಲೇಖನಿ ನಿಂತಿತು. "ಇದೇನ್ರೀ, ಈ ಬಸೂನು ಒಂದು ಸ್ವರ ಉದ್ದ, ಒಂದು ಸ್ವರ ಗಿಡ್ಡ, ಮುಗ್ಗರಿಸ್ಕೊಂಡು ಹೋಗ್ತಿದೆ? ತಪ್ಪು ಬರೆದಿದೀರಾ?"

"ತಪ್ಪಲ್ಲ ಕಣೇ, ನೀನೇ ಅದು! ಅಡುಗೆಮನೆಯಿಂದ ಕಾಫಿ ತರ್ತಿದೀಯ."

ತಂಗಿ ಅಕ್ಕನ ಮುಖ ನೋಡಲಾರದೆ ಗೆರೆಗಳನ್ನು ನೋಡಿದಳು.

"ಹಾಗಾದ್ರೆ ತಟ್ಟೇಲಿ ಬಟ್ಟಲು ಅಲುಗೋ ಸದ್ದೂ ಹಾಕಿ," ಎಂದಳು ಅಕ್ಕ. "ಯಾಕೆ ಬಿಟ್ರಿ ಅದನ್ನ?"

ಚುಚ್ಚಲೆಂದೇ ಆಡಿದ ಮಾತು. ಭಾವ ತೊಡೆ ತಟ್ಟಿಕೊಂಡು ನಕ್ಕರು, ಅದನ್ನೂ ಬರೆದುಕೊಂಡರು. ಅಕ್ಕ ಅದನ್ನೂ ನಕಲು ಮಾಡಿದಳು.

ಊರಿಗೆ ಊರೇ ಆ ಕೃತಿಗೆ ಮನಸೋತಿತು. ಅಂಗಡಿಬೀದಿಯಲ್ಲಿ ಅಕ್ಕ ಕಂಡರೆ ಸಾಕು, ಹಿಂದಿನಿಂದ ಯಾರೋ ಅವಳ ಹೆಜ್ಜೆಗೆ ಸರಿಯಾಗಿ ಬಸೂನಿನ ಸ್ವರವನ್ನು ಶಿಳ್ಳೆ ಹಾಕುತ್ತಿದ್ದರು. ಅವಳು ನಿಂತರೆ ಶಿಳ್ಳೆಯೂ ನಿಲ್ಲುತ್ತಿತ್ತು. ಮೂರನೆಯ ವರ್ಷಕ್ಕೆ ಅವಳು ಹೊಸ್ತಿಲು ದಾಟುವುದನ್ನೇ ಬಿಟ್ಟಳು.

"ನನ್ನ ಹೆಂಡತಿಗೆ ಮನೆ ಅಂದ್ರೆ ಪ್ರಾಣ," ಎಂದು ಭಾವ ಪತ್ರಿಕೆಯವರಿಗೆ ಹೇಳುತ್ತಿದ್ದರು.

*

ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಕೆಳಗೆ ಪೆಟ್ಟಿಗೆ, ಅದರ ಪಕ್ಕದಲ್ಲಿ ತಂಗಿ. ಬಸೂನು ನುಡಿಸುವ ಬೋಳುತಲೆಯವನು ಮೆಟ್ಟಿಲಿಳಿದು ಅವಳ ಬಳಿ ಬಂದ.

"ನಾನು ಆಗಲ್ಲ ಅಂದೆ ತಾಯಿ. ನೀನಲ್ದಿದ್ರೆ ಇನ್ನೊಬ್ಬ ಅಂದ್ರು ನಿಮ್ಮ ಭಾವ."

"ನೀವೇ ನುಡಿಸಿ," ಎಂದಳು ತಂಗಿ. "ಬೇಗ ಬೇಗ ಮುಗಿಸಿಬಿಡಿ."

ನಲ್ಲಿ ತೊಟ್ಟಿಕ್ಕಿತು. ಬಾಗಿಲು ಕಿರುಗುಟ್ಟಿತು. ಬಳಿಕ ಬಸೂನು ಕುಂಟುತ್ತ ಬಂತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬಟ್ಟಲು ಟಿಣ್ ಎಂದಾಗ ನಗು ತಡೆಯಲಾರದೆ ಸಾಲುಸಾಲಾಗಿ ಭುಜಗಳು ಕುಲುಕಿದವು. ಕರವಸ್ತ್ರ ಹಿಡಿದು ಅಳುತ್ತಿದ್ದ ಪಕ್ಕದ ಮನೆಯವಳು, "ಅಯ್ಯೋ, ಥೇಟ್ ಅವರೇ!" ಎಂದು ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

ಸಂಗೀತ ಮುಗಿಯಿತು. ಚಪ್ಪಾಳೆ ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಸಭಾಂಗಣದ ತುಂಬ.

ಭಾವ ಮುಂದಿನ ಸಾಲಿನಿಂದ ಎದ್ದರು. ಪೆಟ್ಟಿಗೆಗೆ ಬೆನ್ನು ಮಾಡಿ, ಜನರತ್ತ ತಿರುಗಿ, ಸೊಂಟ ಬಾಗಿಸಿ ವಂದಿಸಿದರು. ಬಳಿಕ ವೇದಿಕೆಯತ್ತ ಕೈಚಾಚಿ, ಎದ್ದು ನಿಲ್ಲುವಂತೆ ಬಸೂನಿನವನಿಗೆ ಸನ್ನೆ ಮಾಡಿದರು. ಅವನು ತಲೆ ತಗ್ಗಿಸಿ ಕೂತೇ ಇದ್ದ. ಭಾವ ನಗುನಗುತ್ತ ಮತ್ತೊಮ್ಮೆ ಸನ್ನೆ ಮಾಡಿದರು.